ಪ್ರಾರ್ಥನೆಯಿಂದ ಏನನ್ನು ಕಳೆಯಬೇಕು?

ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಪ್ರಾರ್ಥನೆಯಿಂದ ಸಾಂತಾಕ್ಲಾಸನನ್ನು ಕಳೆದು ನೋಡಿದ್ದಾರೆ. ತಮಾಷೆಯಲ್ಲ, 2009ರಲ್ಲಿ ಪ್ರಕಟವಾದ ಅಧ್ಯಯನ ಅದು. ದೇವರಲ್ಲಿ ಗಟ್ಟಿ ನಂಬಿಕೆಯಿದ್ದ ಇಪ್ಪತ್ತು ಮಂದಿ ಕ್ರೈಸ್ತರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿದರು. ಒಮ್ಮೆ, ನಿಮ್ಮ ಸ್ವಂತ ಮಾತಿನಲ್ಲೇ ದೇವರನ್ನು ಬೇಡಿಕೊಳ್ಳಿ ಎಂದರು. ಇನ್ನೊಮ್ಮೆ, ಸಾಂತಾಕ್ಲಾಸನ ಹತ್ತಿರ ಏನು ಬೇಕೋ ಕೇಳಿ ಎಂದರು. ಬಾಯಿಪಾಠವಾಗಿದ್ದ ಕರ್ತನ ಪ್ರಾರ್ಥನೆಯನ್ನೂ ಹೇಳಿಸಿದರು, ಅದಕ್ಕೆ ಜೋಡಿಯಾಗಿ ಒಂದು ಶಿಶುಗೀತೆಯನ್ನೂ. ಆಮೇಲೆ ಒಂದರ ಲೆಕ್ಕದಿಂದ ಇನ್ನೊಂದರ ಲೆಕ್ಕವನ್ನು ಕಳೆದರು. ಸ್ವಂತ ಮಾತಿನಲ್ಲಿ ದೇವರನ್ನು ಬೇಡುವಾಗ ಎದ್ದು ಕಂಡದ್ದು, ಎದುರಿಗಿರುವ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವಾಗ ನಾವೆಲ್ಲ ಬಳಸುವ ಮಿದುಳಿನ ಭಾಗಗಳು. ಸಾಂತಾಕ್ಲಾಸನನ್ನು ಕೇಳುವಾಗ ಅವು ಹಾಗೆ ಏಳಲಿಲ್ಲ. ಅವನು ಕಟ್ಟುಕತೆ ಎಂಬುದು ಕೇಳುವವರಿಗೆ ಗೊತ್ತು. ದೇವರು ಅವರಿಗೆ ಕಟ್ಟುಕತೆಯಲ್ಲ.

ಈ ಪ್ರಬಂಧದ ಪ್ರತಿಯನ್ನು ನನ್ನ ಕೈಗೆ ಕೊಟ್ಟವಳು ಕೋಲಾರ ಚಿನ್ನದ ಗಣಿ ಪ್ರದೇಶದ ನಮ್ಮ ಕೋರಮಂಡಲ್‌ನ ಹುಡುಗಿ. ಅವಳ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸದಲ್ಲಿದ್ದವರು. ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಸಿಲಿಕೋಸಿಸ್‌ನಲ್ಲಿ ಹೋದರು. ಅಜ್ಜಿಯನ್ನು ಅವರ ಮನೆಯಲ್ಲಿ ಆಯಾ ಅನ್ನುತ್ತಾರೆ. ಆಯಾ ದಿನಾ ಸಂಜೆ ಬಾಗಿಲಲ್ಲಿ ಕೂತು ತಮಿಳಿನಲ್ಲಿ ಜಪಮಾಲೆ ಎಣಿಸುತ್ತಾಳೆ. ಹುಡುಗಿಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದ ಮೇಲೆ ಅವಳ ಜೊತೆಯವರೆಲ್ಲ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನ ಕಂಪನಿಗಳಿಗೆ ಹೋದರು. ಇವಳೂ ಅದೇ ರೈಲು ಹತ್ತಿದಳು, ಆದರೆ ಮಿದುಳಿನ ಚಿತ್ರ ತೆಗೆಯುವ ಸಂಶೋಧನೆಗೆ ಸೇರಬೇಕೆಂದು ಪ್ರಯೋಗಾಲಯಗಳ ಬಾಗಿಲು ತಟ್ಟುತ್ತ. ಒಂದು ಭಾನುವಾರ ಬಂದು, “ಸಾರ್, ಗೈಡ್‌ನ ಹೇಗೆ ಆರಿಸ್ಕೋಬೇಕು?” ಎಂದು ಕೇಳಿದಳು. ನಾನು ಪಿಎಚ್.ಡಿ. ಮಾಡಿದವನಲ್ಲ. ಆದರೂ ಅವಳು ಕೊಟ್ಟ ಪ್ರಬಂಧಗಳನ್ನು ಓದಿದ್ದೆನಲ್ಲ, ಒಂದು ಮಾತು ಹೇಳಿದೆ: ಅವರು ಯಾವುದರಿಂದ ಯಾವುದನ್ನು ಕಳೆಯುತ್ತಾರೆ ನೋಡು, ಏಕೆ ಎಂದು ಕೇಳು, ಅವರ ಉತ್ತರ ನೋಡಿ ಆರಿಸು. ಅವಳು ನಕ್ಕಳು. ನಾನು ಗಂಭೀರವಾಗಿಯೇ ಹೇಳಿದ್ದೆ.

ಟಿ.ವಿ.ಯಲ್ಲಿ ತೋರಿಸುವ ಮಿದುಳಿನ ಬಣ್ಣದ ಚಿತ್ರ ನೋಡಿದವರಿಗೆ, ಅಲ್ಲಿ ಯೋಚನೆ ಹೊತ್ತಿ ಉರಿಯುತ್ತಿದೆ, ಕ್ಯಾಮೆರಾ ಅದನ್ನು ಹಿಡಿದಿದೆ ಎನ್ನಿಸುತ್ತದೆ. ಯಂತ್ರಕ್ಕೆ ಕಾಣುವುದು ರಕ್ತ. ಮಿದುಳಿನ ಒಂದು ಭಾಗಕ್ಕೆ ಕೆಲಸ ಬಿದ್ದಾಗ ಅಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ರಕ್ತ ನುಗ್ಗುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ನ ಕಾಂತಗುಣ ಒಂದು, ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್‌ನದು ಇನ್ನೊಂದು. 1990ರಲ್ಲಿ ಸೈಜಿ ಒಗಾವಾ ತೋರಿಸಿಕೊಟ್ಟದ್ದು ಈ ವ್ಯತ್ಯಾಸವನ್ನು ಹಿಡಿಯಬಹುದೆಂದು. ಅದೂ ಎಷ್ಟು? ನೂರಕ್ಕೆ ಒಂದೋ ಎರಡೋ ಪಾಲು. ಯೋಚನೆ ಬಂದು ಐದಾರು ಸೆಕೆಂಡು ಕಳೆದ ಮೇಲೆ ರಕ್ತದ ಅಲೆ ತುದಿ ಮುಟ್ಟುತ್ತದೆ. ಇಂಥ ಮಸುಕು ಸಂಕೇತವನ್ನು ಒಂದು ಸಲ ನೋಡಿದರೆ ಏನೂ ತಿಳಿಯದು. ಆದ್ದರಿಂದ ಮತ್ತೆ ಮತ್ತೆ ಮಾಡಿಸಿ, ಸರಾಸರಿ ತೆಗೆದು, ಅದರಿಂದ ಬೇರೊಂದು ಸ್ಥಿತಿಯ ಸರಾಸರಿಯನ್ನು ಕಳೆಯುತ್ತಾರೆ. ಉಳಿದ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರ ಒಪ್ಪಿದ ಕಡೆ ಕೆಂಪು, ಹಳದಿ ಬಳಿಯುತ್ತಾರೆ. ಈ ಒಪ್ಪಿಸುವುದರಲ್ಲಿ ಉದಾಸೀನ ಮಾಡಿದರೆ ಏನಾಗುತ್ತದೆಂದು ತೋರಿಸಲು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಎಂದು ಕೇಳಿದರು. ಮೀನಿನ ಮಿದುಳಿನಲ್ಲಿ ಕೆಂಪು ಚುಕ್ಕೆ ಕಂಡಿತು. 2012ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ಬರಬೇಕಾದ್ದೇ.

ಹಾಗಾಗಿ ಚಿತ್ರದಲ್ಲಿ ಕಾಣುವುದು ಪ್ರಾರ್ಥನೆಯಲ್ಲ, ಪ್ರಾರ್ಥನೆಗೂ ಇನ್ನೊಂದಕ್ಕೂ ಇರುವ ಅಂತರ. ಆ ಇನ್ನೊಂದು ಯಾವುದು ಎಂಬುದನ್ನು ಯಂತ್ರ ಹೇಳುವುದಿಲ್ಲ, ಮನುಷ್ಯ ಆರಿಸಬೇಕು. ಡಚ್ ವೈದ್ಯ ಡಾಂಡರ್ಸ್ 1868ರಲ್ಲೇ ಈ ಲೆಕ್ಕ ಹಾಕಿದ್ದ. ದೀಪ ಕಂಡೊಡನೆ ಗುಂಡಿ ಒತ್ತಲು ಇಷ್ಟು ಹೊತ್ತು. ಯಾವ ದೀಪ ಎಂದು ನೋಡಿ ಸರಿಯಾದ ಗುಂಡಿ ಒತ್ತಲು ಇಷ್ಟು ಹೊತ್ತು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ‘ಆರಿಸುವುದಕ್ಕೆ’ ಹಿಡಿದ ಹೊತ್ತು ಸಿಕ್ಕಿತು. ಮನಸ್ಸಿನ ಒಂದು ಕೆಲಸದ ಮೇಲೆ ಇನ್ನೊಂದನ್ನು ಇಟ್ಟಿಗೆಯಂತೆ ಪೇರಿಸಿದೆ, ಮೇಲಿನದನ್ನು ತೆಗೆದರೂ ಕೆಳಗಿನದು ಅಲುಗದು ಎಂಬ ನಂಬಿಕೆ ಈ ಲೆಕ್ಕದ ಅಡಿಯಲ್ಲಿದೆ. ನಂಬಿಕೆ ಎಂದೇ ಅನ್ನುತ್ತೇನೆ. ಅದನ್ನು ಯಾರೂ ಸಾಬೀತು ಮಾಡಿಕೊಂಡು ಶುರುಮಾಡಿಲ್ಲ.

ಕಳೆಯುವ ವಿದ್ಯೆ ಗಣಿಯೂರಿನವರಿಗೆ ಹೊಸದಲ್ಲ. ನೆಲದ ಮೇಲೆ ಅಂಗೈ ಚಾಚಿದರೆ ಆಕಾಶದಿಂದ ಬರುವ ಮ್ಯೂಆನ್ ಕಣಗಳು ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಅದನ್ನು ತೂರಿ ಹೋಗುತ್ತವೆ. ಕೆಳಕ್ಕೆ ಇಳಿದಂತೆ ಕಲ್ಲು ಅವನ್ನು ತಡೆಯುತ್ತದೆ. ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್ 1948ರಲ್ಲಿ ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಹೋಮಿ ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿ ಗೈಗರ್ ಕೊಳವೆಗಳನ್ನು ಹೊತ್ತು ಕೋಲಾರದ ಗಣಿಗೆ ಬಂದರು. ಮಟ್ಟದಿಂದ ಮಟ್ಟಕ್ಕೆ ಇಳಿಯುತ್ತ ಮ್ಯೂಆನ್‌ಗಳು ಎಷ್ಟೆಷ್ಟು ಕಡಿಮೆಯಾಗುತ್ತವೆ ಎಂದು ಎಣಿಸಿದರು. ಅವರ ಪಿಎಚ್.ಡಿ. ಆದದ್ದು ಅದರಲ್ಲೇ. ಹತ್ತು ವರ್ಷದ ಮೇಲೆ ಅದೇ ಗುಂಪಿನವರು ಇನ್ನೂ ಆಳಕ್ಕೆ ಹೋದಾಗ ಎರಡು ತಿಂಗಳು ಕಾದರೂ ಒಂದೂ ಎಣಿಕೆ ಬೀಳಲಿಲ್ಲ. ಬೇರೆಯವರಾಗಿದ್ದರೆ ಉಪಕರಣ ಕೆಟ್ಟಿದೆ ಅನ್ನುತ್ತಿದ್ದರು. ಇವರು, ಕಳೆಯಬೇಕಾದ್ದೆಲ್ಲ ಕಳೆದಿದೆ, ಇನ್ನು ಇಲ್ಲಿ ಬಿದ್ದದ್ದು ಕಲ್ಲಿಗೂ ಜಗ್ಗದೆ ತೂರಿ ಬರುವ ನ್ಯೂಟ್ರಿನೊ ಕಣದಿಂದಲೇ ಎಂದರು. 1965ರಲ್ಲಿ ಚಾಂಪಿಯನ್ ರೀಫ್‌ನಲ್ಲಿ, 2.3 ಕಿಲೋಮೀಟರ್ ಕೆಳಗೆ, ಅಡ್ಡಡ್ಡ ಬಂದ ಕಣಗಳ ಗುರುತು ಬಿತ್ತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಕಂಡವರಲ್ಲಿ ಅವರೂ ಸೇರಿದರು. ಅದೇ ಹೊತ್ತಿಗೆ ಕಂಡ ಇನ್ನೊಂದು ಗುಂಪೂ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೇ ಇತ್ತು. ನಮ್ಮಪ್ಪ ಆಗ ವೈಂಡಿಂಗ್ ಎಂಜಿನ್ ಡ್ರೈವರ್, ಕೇಜು ಇಳಿಸಿ ಏರಿಸುವವರು. “ಬಾಂಬೆಯವರು ಚಿನ್ನಾನ ಒದ್ದುಕೊಂಡು ಹೋಗಿ ಇನ್ನೇನೋ ಹುಡುಕ್ತಾವ್ರೆ” ಎಂದು ಊಟಕ್ಕೆ ಕೂತಾಗ ಹೇಳಿ ನಗುತ್ತಿದ್ದರು.

ಕಲ್ಲಿಗೆ ಪಕ್ಷಪಾತವಿಲ್ಲ. ಮ್ಯೂಆನ್‌ನಿಂದ ಕಲ್ಲಿನ ತಡೆಯನ್ನು ಕಳೆದರೆ ಉಳಿಯುವುದು ನಂಜನಗೂಡಿನವನಿಗೂ ದಕ್ಷಿಣ ಆಫ್ರಿಕದವನಿಗೂ ಒಂದೇ. ಪ್ರಾರ್ಥನೆಯ ವಿಷಯಕ್ಕೆ ಬಂದರೆ ಕಲ್ಲಿನ ಜಾಗದಲ್ಲಿ ನಾವೇ ಏನನ್ನಾದರೂ ತಂದಿಡಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ಮಾಡಿ 2011ರಲ್ಲಿ ಪ್ರಕಟಿಸಿದ ಓಂಕಾರದ ಅಧ್ಯಯನ ತೆಗೆದುಕೊಳ್ಳಿ. ಕೆಲವೇ ಮಂದಿ ಆರೋಗ್ಯವಂತರು ಯಂತ್ರದೊಳಗೆ ಓಂ ಎಂದರು. ಭಾವೋದ್ವೇಗದ ಜೊತೆ ಹೆಣೆದುಕೊಂಡಿರುವ ಅಮಿಗ್ಡಲದಂಥ ಭಾಗಗಳ ಚಟುವಟಿಕೆ ಇಳಿಯಿತು. ‘ಸ್ಸ್ಸ್’ ಎಂದು ಉಸಿರು ಬಿಟ್ಟಾಗ ಹಾಗಾಗಲಿಲ್ಲ. ಇದನ್ನೇ ಹಿಡಿದು ನಮ್ಮ ಕಡೆಯ ವಾಟ್ಸ್ಯಾಪ್ ಗುಂಪುಗಳಲ್ಲಿ ‘ಓಂಕಾರದ ಮಹಿಮೆಯನ್ನು ವಿಜ್ಞಾನ ಒಪ್ಪಿತು’ ಎಂಬ ಮಾತು ದೀಪಾವಳಿ ಶುಭಾಶಯದ ಹಾಗೆ ತಿರುಗುತ್ತಲೇ ಇರುತ್ತದೆ. ಮೂಲ ಪ್ರಬಂಧ ಅಷ್ಟು ದೂರ ಹೋಗಿಲ್ಲ. ಪ್ರಾಯೋಗಿಕವಾಗಿ ಮಾಡಿದ ಸಣ್ಣ ಅಧ್ಯಯನ ಎಂದು ತಲೆಬರಹದಲ್ಲೇ ಹೇಳಿಕೊಂಡಿದೆ. ಓಂ ಅಂದಾಗ ಕಿವಿಯ ಸುತ್ತ ಆಗುವ ಕಂಪನ ವೇಗಸ್ ನರದ ಕೊಂಬೆಯೊಂದನ್ನು ಮೀಟುತ್ತಿರಬಹುದು ಎಂಬುದು ಅವರ ಊಹೆ. ‘ಸ್ಸ್ಸ್’ನಲ್ಲಿ ಉಸಿರಿದೆ, ಕಂಪನವಿಲ್ಲ. ಅಂದರೆ ಅವರು ಕಳೆದದ್ದು ಉಸಿರನ್ನು, ಹುಡುಕಿದ್ದು ಕಂಪನವನ್ನು. ಅವರ ಪ್ರಶ್ನೆಗೆ ಅದು ಚೊಕ್ಕ ಕಳೆಯುವಿಕೆ. ಓಂ ಎಂಬುದರ ಅರ್ಥ, ಅದರ ಹಿಂದಿನ ಶ್ರದ್ಧೆ, ಆ ಲೆಕ್ಕದೊಳಗೆ ಬಂದೇ ಇಲ್ಲ. ಬರಬೇಕೆಂದಿದ್ದರೆ ಅಷ್ಟೇ ಕಂಪಿಸುವ, ಯಾರಿಗೂ ಪವಿತ್ರವಲ್ಲದ ಇನ್ನೊಂದು ಸದ್ದನ್ನು ಹೇಳಿಸಿ ಕಳೆಯಬೇಕಿತ್ತು.

ಎದುರು ಪಾಳಯದವರದೂ ಇದೇ ಕತೆ. ನಮ್ಮ ವಿಚಾರವಾದಿ ಗೆಳೆಯರೊಬ್ಬರು, ಮಿದುಳಿನಲ್ಲಿ ದೇವರ ಜಾಗ ಸಿಕ್ಕಿಬಿಟ್ಟಿದೆ, ಇನ್ನು ಗುಡಿ ಮುಚ್ಚಬಹುದು ಎಂದು ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಪಾನಿಪುರಿ ತಿನ್ನುತ್ತ ನನಗೆ ಉಪದೇಶ ಮಾಡಿದರು. ಮಾಂಟ್ರಿಯಲ್‌ನ ಕಾರ್ಮೆಲ್ ಸಭೆಯ ಹದಿನೈದು ಸನ್ಯಾಸಿನಿಯರ ಅಧ್ಯಯನ ಅವರ ಆಧಾರ. 2006ರಲ್ಲಿ ಮಾರಿಯೊ ಬೊರೆಗಾರ್ ಮತ್ತು ವಿನ್ಸೆಂಟ್ ಪಾಕೆಟ್ ಪ್ರಕಟಿಸಿದ್ದು. ಅದನ್ನು ಓದಿದರೆ ಕಾಣುವುದೇ ಬೇರೆ. ಯಂತ್ರದೊಳಗೆ ದೇವರ ಸಾಕ್ಷಾತ್ಕಾರ ಮಾಡಿಕೊಳ್ಳಿ ಎಂದರೆ ಆಗುವುದಿಲ್ಲ, ದೇವರು ಕರೆದಾಗ ಬರುವವನಲ್ಲ ಎಂದು ಆ ತಾಯಂದಿರು ಹೇಳಿದರು. ಆದ್ದರಿಂದ, ಬದುಕಿನಲ್ಲಿ ದೇವರೊಡನೆ ಅತ್ಯಂತ ಗಾಢವಾಗಿ ಒಂದಾದ ಗಳಿಗೆಯನ್ನು ನೆನೆದುಕೊಳ್ಳಿ ಎಂದರು. ಕಳೆಯಲು ಏನಿಟ್ಟರು ಗೊತ್ತೇ? ಸಭೆಗೆ ಸೇರಿದ ಮೇಲೆ ಇನ್ನೊಬ್ಬ ಮನುಷ್ಯಜೀವಿಯೊಡನೆ ಅಷ್ಟೇ ಗಾಢವಾಗಿ ಒಂದಾದ ಗಳಿಗೆಯ ನೆನಪನ್ನು. ದೇವರ ಪ್ರೀತಿಯಿಂದ ಮನುಷ್ಯರ ಪ್ರೀತಿಯನ್ನು ಕಳೆದರು. ಉಳಿದದ್ದು ಒಂದು ಜಾಗವಲ್ಲ, ಮಿದುಳಿನ ಉದ್ದಗಲಕ್ಕೂ ಚೆದುರಿದ ಹಲವು ಭಾಗಗಳು.

ನನಗೆ ಆ ಅಧ್ಯಯನದ ಫಲಿತಾಂಶಕ್ಕಿಂತ ಈ ಆಯ್ಕೆ ದೊಡ್ಡದಾಗಿ ಕಂಡಿತು. ದೇವರ ಪ್ರೀತಿ ಎಂದರೆ ಮನುಷ್ಯಪ್ರೀತಿಯ ಮೇಲೆ ಇನ್ನೇನೋ ಸೇರಿದ್ದು ಎಂಬ ದೇವತಾಶಾಸ್ತ್ರ ಅದರೊಳಗೆ ಅಡಗಿದೆ. ವಚನಕಾರರಲ್ಲಿ ಹಲವರು ಇದನ್ನು ಒಪ್ಪುತ್ತಿರಲಿಲ್ಲ. ಜಂಗಮನನ್ನು ಕಳೆದು ಲಿಂಗವನ್ನು ಉಳಿಸಿಕೊಳ್ಳುವುದು ಅವರಿಗೆ ಲೆಕ್ಕವೇ ಅಲ್ಲ. ನಮ್ಮ ಹುಡುಗಿಯ ಆಯಾಗೂ ಅದು ಒಪ್ಪಿಗೆಯಾಗದು. ಅವಳ ಜಪಮಾಲೆಯ ಒಂದೊಂದು ಮಣಿಗೂ ಒಂದೊಂದು ಹೆಸರಿದೆ: ಸತ್ತ ಗಂಡ, ಬೆಂಗಳೂರಿನಲ್ಲಿರುವ ಮಗ, ಸಂಬಂಧ ಕೂಡಿಬರದ ಮೊಮ್ಮಗಳು. ಆ ಹೆಸರುಗಳನ್ನು ಕಳೆದರೆ ಉಳಿಯುವುದು ದೇವರೋ, ಬರಿಯ ದಾರವೋ?

ಇಲ್ಲಿ ನನ್ನ ಚಿಕ್ಕಮ್ಮನ ವಿಷಯವನ್ನೂ ಹೇಳಬೇಕು. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅವಳ ಮನೆ. ಮಾವಿನ ತೋಟ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ವರ್ಷಕ್ಕೊಮ್ಮೆ ತಪ್ಪದೆ ಬಂಗಾರು ತಿರುಪತಿ. ಐ.ಐ.ಎಸ್‌ಸಿ. ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ, ವಯಸ್ಸಾದಂತೆ ನೆನಪು ಹೇಗೆ ಮಾಸುತ್ತದೆ, ಯಾರಿಗೆ ಮಾಸುತ್ತದೆ, ಯಾರಿಗಿಲ್ಲ ಎಂದು ನೋಡುವ ಗುರಿ. ಮರೆವಿನ ಕಾಯಿಲೆಯ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ಬಹುಪಾಲು ಶ್ರೀಮಂತ ದೇಶಗಳ ಓದುಬರಹ ಬಲ್ಲವರಿಂದ ಬಂದದ್ದು. ಶಾಲೆಯ ಮೆಟ್ಟಿಲು ಹತ್ತದೆ ಬದುಕೆಲ್ಲ ಹೊಲದಲ್ಲಿ ಕಳೆದವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ಕೇಳಿದವರು ಕಡಿಮೆ. ಚಿಕ್ಕಮ್ಮನನ್ನೂ ಸೇರಿಸಿಕೊಂಡರು. ರಕ್ತ ತೆಗೆದರು, ನೆನಪಿನ ಪ್ರಶ್ನೆ ಕೇಳಿದರು, ಒಂದು ದಿನ ಗಾಡಿಯಲ್ಲಿ ಬೆಂಗಳೂರಿಗೆ ಕರೆದೊಯ್ದು ಎಂ.ಆರ್.ಐ. ಮಾಡಿಸಿದರು. ಆಮೇಲೆ ನಮ್ಮ ಮನೆಗೆ ಬಂದಾಗ ಹುಡುಗಿಯೂ ಇದ್ದಳು.

“ಒಳಗೆ ಟಕಟಕ ಟಕಟಕ ಅಂತ ಒಂದೇ ಸದ್ದಪ್ಪಾ, ಜೀವ ಬಾಯಿಗೆ ಬಂದಿತ್ತು. ಕಣ್ಮುಚ್ಕೊಂಡು ಗೋವಿಂದಾ ಗೋವಿಂದಾ ಅಂತ ಮನಸ್ನಲ್ಲೇ ಅಂದ್ಕೊಂಡು ಮಲಗಿದ್ದೆ,” ಎಂದಳು ಚಿಕ್ಕಮ್ಮ. ಆಮೇಲೆ ಹುಡುಗಿಯ ಕಡೆ ತಿರುಗಿ, “ನನ್ನ ಗೋವಿಂದ ಅದರಲ್ಲಿ ಬಿದ್ದಿರ್ತದೇನಮ್ಮಾ?”

“ಇಲ್ಲ ಅಜ್ಜಿ. ಅದು ಮಿದುಳಿನ ಆಕಾರದ ಫೋಟೋ. ಎಷ್ಟು ದಪ್ಪ ಇದೆ, ಎಲ್ಲಿ ಸವೆದಿದೆ ಅಂತ. ನೀವೇನು ಅಂದ್ಕೊಂಡ್ರಿ ಅಂತ ಅದರಲ್ಲಿ ಬರಲ್ಲ.”

“ಹಂಗಾದ್ರೆ ಅರ್ಧ ತೆಗ್ದವ್ರೆ ಬಿಡು,” ಎಂದು ಚಿಕ್ಕಮ್ಮ ಎಲೆ ಅಡಿಕೆ ಚೀಲ ಬಿಚ್ಚಿದಳು.

ಅಲ್ಲಿಂದ ಹುಡುಗಿಯೂ ನಾನೂ ಬೇರೊಂದು ಮಾತಿಗೆ ಬಿದ್ದೆವು. ಆಕಾರದ ಚಿತ್ರ ಬಿಡು, ಚಟುವಟಿಕೆಯ ಚಿತ್ರ ತೆಗೆಯುವಾಗ, ‘ಏನೂ ಮಾಡಬೇಡಿ, ಸುಮ್ಮನೆ ಮಲಗಿರಿ’ ಎಂದು ಹೇಳಿ ಅದನ್ನೇ ತಳಮಟ್ಟ ಎಂದು ಇಟ್ಟುಕೊಳ್ಳುವ ಪದ್ಧತಿಯೊಂದಿದೆ. ಪ್ರಾರ್ಥನೆಯಿಂದ ಈ ‘ಸುಮ್ಮನೆ’ಯನ್ನು ಕಳೆದರೆ ಬರಿಯ ಪ್ರಾರ್ಥನೆ ಉಳಿಯಬೇಕು. ಆದರೆ ಚಿಕ್ಕಮ್ಮ ಸುಮ್ಮನಿರುವುದೇ ಗೋವಿಂದನೊಡನೆ. ಹಾಲು ಕಾಯಿಸುವಾಗ, ಬಸ್ಸು ಕಾಯುವಾಗ, ಭಯವಾದಾಗ, ಏನೂ ಆಗದಿದ್ದಾಗ, ಅವಳ ತಳಮಟ್ಟವೇ ಅದು. ಅವಳ ಪ್ರಾರ್ಥನೆಯಿಂದ ಅವಳ ಸುಮ್ಮನಿರುವಿಕೆಯನ್ನು ಕಳೆದರೆ ಸೊನ್ನೆ ಬರುತ್ತದೆ. ಯಂತ್ರ ಅವಳನ್ನು ನಾಸ್ತಿಕಳೆಂದು ಬರೆದುಕೊಳ್ಳಬೇಕಾಗುತ್ತದೆ.

ವಿಜ್ಞಾನಕ್ಕೂ ಈ ಏಟು ಬಿದ್ದಿದೆ. ಒಂದೊಂದು ಕೆಲಸದ ಚಿತ್ರದಿಂದಲೂ ವಿಶ್ರಾಂತಿಯನ್ನು ಕಳೆಯುತ್ತ ಬಂದವರಿಗೆ ಕೆಲವು ಭಾಗಗಳು ಪ್ರತಿ ಸಲವೂ ಋಣದಲ್ಲಿ ಕಾಣುತ್ತಿದ್ದವು. ಏನು ಕೆಲಸ ಕೊಟ್ಟರೂ ಅಲ್ಲಿ ಚಟುವಟಿಕೆ ಇಳಿಯುತ್ತದೆ, ಕೆಲಸ ಬಿಟ್ಟರೆ ಏರುತ್ತದೆ. ಬಹಳ ದಿನ ಇದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. 2001ರಲ್ಲಿ ಸೇಂಟ್ ಲೂಯಿಯ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು, ಸುಮ್ಮನಿರುವುದೂ ಮಿದುಳಿನ ಒಂದು ಕೆಲಸವೇ, ಅದಕ್ಕೆ ಅದರದೇ ಜಾಲವಿದೆ ಎಂದರು. ಹಿಂದಿನದನ್ನು ನೆನೆಯುವುದು, ಮುಂದಿನದನ್ನು ಹವಣಿಸುವುದು, ಅವರು ನನ್ನ ಬಗ್ಗೆ ಏನಂದುಕೊಂಡರೋ ಎಂದು ಕೊರಗುವುದು, ಒಟ್ಟಿನಲ್ಲಿ ನಾನು ನಾನು ಎನ್ನುವ ವ್ಯಾಪಾರವೆಲ್ಲ ಹೆಚ್ಚಾಗಿ ನಡೆಯುವುದು ಆ ಭಾಗಗಳಲ್ಲೇ ಎಂದು ಆಮೇಲಿನ ಅಧ್ಯಯನಗಳಿಂದ ತಿಳಿಯಿತು. ‘ನಾನು’ ಎಂಬುದನ್ನು ಹಿನ್ನೆಲೆಯ ಗದ್ದಲವೆಂದು ವರ್ಷಗಟ್ಟಲೆ ಕಳೆದು ಎಸೆಯುತ್ತಿದ್ದರು. ನಮ್ಮ ಗಣಿಯಲ್ಲೂ ಇಂಥದ್ದೇ ಆಯಿತು. 1980ರ ದಶಕದಲ್ಲಿ ಪ್ರೋಟಾನ್ ಸಾಯುವುದನ್ನು ನೋಡಲು ಕಾದು ಕೂತವರಿಗೆ, 1965ರಲ್ಲಿ ಅಷ್ಟು ಹಂಬಲಿಸಿದ್ದ ನ್ಯೂಟ್ರಿನೊಗಳೇ ಕಳೆಯಬೇಕಾದ ಗದ್ದಲವಾದವು.

ಬೃಹದಾರಣ್ಯಕದ ಯಾಜ್ಞವಲ್ಕ್ಯನೂ ಕಳೆಯುವವನೇ. ಇದಲ್ಲ, ಅದೂ ಅಲ್ಲ ಎಂದು ಒಂದೊಂದನ್ನೇ ತೆಗೆಯುತ್ತ, ತೆಗೆಯಲಾಗದ ನೋಡುವವನೊಬ್ಬನು ಉಳಿಯುತ್ತಾನೆ ಎಂದ. ಮಾರಿಕುಪ್ಪಂನ ಬೌದ್ಧರು ಇದಕ್ಕೆ ತಲೆಯಾಡಿಸುವವರಲ್ಲ. ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ 1907ರಷ್ಟು ಹಿಂದೆಯೇ ಇಲ್ಲಿ ಶುರುವಾಗಿತ್ತು. ಹಗಲಿಡೀ ಕಲ್ಲು ಒಡೆದ ತಮಿಳು ಕಾರ್ಮಿಕರು ಸಂಜೆ ಕೂತು ಅನಾತ್ಮದ ಚರ್ಚೆ ಮಾಡಿದ ಊರು ಇದು. ಚಿನ್ನದ ಲೆಕ್ಕ ಬರೆದವರು ಇದನ್ನೂ ಬರೆಯಬೇಕಿತ್ತು. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂದು ಐದನ್ನೂ ಕಳೆದ ಮೇಲೆ ಹಿಂದೆ ಯಾರೂ ನಿಂತಿಲ್ಲ ಎಂಬುದು ಆ ಬೌದ್ಧರ ಲೆಕ್ಕ. ಒಬ್ಬರದು ಶೇಷವಿರುವ ವ್ಯವಕಲನ, ಇನ್ನೊಬ್ಬರದು ಶೇಷವಿಲ್ಲದ್ದು. ಯಂತ್ರದ ಚಿತ್ರ ತಂದು ಈ ಜಗಳ ಬಗೆಹರಿಸುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಚಿತ್ರದಲ್ಲಿ ಶೇಷ ಯಾವಾಗಲೂ ಇರುತ್ತದೆ, ಏಕೆಂದರೆ ಕಳೆಯುವವರು ಅರ್ಧದಲ್ಲಿ ನಿಲ್ಲಿಸುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬುದು ಅವರಿಗೆ ಎಲ್ಲಿಂದ ಬಂತು? ಹೆಚ್ಚಿನ ಮಟ್ಟಿಗೆ ಅವರ ಗೈಡ್‌ನಿಂದ.

ಹುಡುಗಿಯ ಪ್ರಶ್ನೆಗೆ ನಾನು ಹಾಗೆ ಉತ್ತರ ಕೊಟ್ಟದ್ದು ಇದಕ್ಕಾಗಿ. ಪ್ರವೇಶದ ವಿವರ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಐ.ಐ.ಎಸ್‌ಸಿ.ಯ ನರವಿಜ್ಞಾನ ಕೇಂದ್ರಕ್ಕೆ ಗೇಟ್, ಜೆ.ಆರ್.ಎಫ್.ನಂಥ ಪರೀಕ್ಷೆ ದಾಟಿ ಸಂದರ್ಶನ. ನಿಮ್ಹಾನ್ಸ್‌ಗೆ ಅದರದೇ ಪ್ರವೇಶ ಪರೀಕ್ಷೆ. ಜೆ.ಆರ್.ಎಫ್. ಶಿಷ್ಯವೇತನ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಜೊತೆಯವರಿಗೆ ಕಂಪನಿಯಲ್ಲಿ ಸಿಗುವುದಕ್ಕೆ ತೀರ ನಾಚುವಂಥದ್ದಲ್ಲ. ಸಿಗದವರು ಮೊದಲು ಪ್ರಾಜೆಕ್ಟ್ ಸಹಾಯಕರಾಗಿ ಸೇರಿ, ಸ್ಕ್ಯಾನರ್ ಪಕ್ಕದಲ್ಲಿ ಕೂತು ಕೆಲಸ ಕಲಿತು, ಆಮೇಲೆ ಪ್ರಯತ್ನಿಸುತ್ತಾರೆ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ಪರಕೀಯ ಕ್ಷೇತ್ರವೂ ಅಲ್ಲ. ಸಂಕೇತದಿಂದ ಗದ್ದಲ ಬೇರ್ಪಡಿಸುವುದು ಅವರ ಕುಲಕಸುಬು.

ಕಷ್ಟ ಇರುವುದು ಗೈಡ್ ವಿಷಯದಲ್ಲೇ. ಅವಳು ಇಬ್ಬರನ್ನು ಕಂಡು ಬಂದಿದ್ದಳು. ಒಬ್ಬರು, ಡೇಟಾ ಸಿದ್ಧವಾಗಿದೆ, ವಿಧಾನವೂ ಸಿದ್ಧವಾಗಿದೆ, ಬಂದು ಕೂತರೆ ನಾಲ್ಕು ವರ್ಷದಲ್ಲಿ ಮುಗಿಸಬಹುದು ಎಂದರಂತೆ. ಇನ್ನೊಬ್ಬರು ಅಚ್ಚಾದ ಚಿತ್ರವೊಂದನ್ನು ಮುಂದಿಟ್ಟು, ಅಡಿಬರಹವನ್ನು ಬೆರಳಿನಿಂದ ಮುಚ್ಚಿ, ಇಲ್ಲಿ ಯಾವುದರಿಂದ ಯಾವುದನ್ನು ಕಳೆದಿದ್ದಾರೆ ಹೇಳು ಎಂದರು. ಇವಳಿಗೆ ತಿಳಿಯಲಿಲ್ಲ. ಯಾರಿಗೂ ತಿಳಿಯುವುದಿಲ್ಲ, ಚಿತ್ರದಲ್ಲಿ ಅದು ಇರುವುದೇ ಇಲ್ಲ, ಅದಕ್ಕೇ ಕೇಳಿದೆ, ಮುಂದಿನ ವಾರ ಬಾ ಎಂದರು. ಅವಳ ಅಪ್ಪನಿಗೆ ಮೊದಲನೆಯವರು ಹಿಡಿಸಿದ್ದಾರೆ, ಅದರಲ್ಲಿ ತಪ್ಪಿಲ್ಲ. ಮನೆಯ ಮೇಲೆ ಸಾಲವಿರುವಾಗ ನಾಲ್ಕು ವರ್ಷದಲ್ಲಿ ಮುಗಿಯುವುದು ದೊಡ್ಡ ಪುಣ್ಯ. ಅವರು ಒಳ್ಳೆಯವರೆಂದೇ ಅವರ ವಿದ್ಯಾರ್ಥಿಗಳೂ ಹೇಳಿದರಂತೆ. ನನ್ನ ಮನಸ್ಸು ಎರಡನೆಯವರ ಕಡೆ. ಅಲ್ಲಮನ ಬಗ್ಗೆ ಓದಿದವರಿಗೆ ಆ ಬೆರಳಿನ ಗುರುತು ಸಿಗುತ್ತದೆ. ಎದುರಿಗೆ ಬಂದವರ ಉತ್ತರಕ್ಕಿಂತ ಮೊದಲು ಅವರ ಪ್ರಶ್ನೆಯ ಬುಡಕ್ಕೆ ಕೈ ಹಾಕುವವನು ಅವನು. ಆದರೆ ಅಲ್ಲಮನಿಗೆ ಸ್ಕಾಲರ್‌ಶಿಪ್ ಮುಗಿಯುವ ಗಡುವು ಇರಲಿಲ್ಲ, ಅದೂ ನಿಜ.

ಶ್ರೀಕಂಠನ್ ಅವರ ಉದಾಹರಣೆಯನ್ನೂ ಅವಳಿಗೆ ಹೇಳಿದೆ. ಅವರಿಗೆ ಭಾಭಾ ಕೊಟ್ಟದ್ದು ಒಂದು ಗಣಿ, ಒಂದು ಪ್ರಶ್ನೆ. ಉಪಕರಣವನ್ನು ಇವರೇ ಕಟ್ಟಬೇಕು, ಆಳಕ್ಕೆ ಇವರೇ ಇಳಿಯಬೇಕು. ಮುಂದೆ ಅವರು ಅದೇ ಟಾಟಾ ಸಂಸ್ಥೆಗೆ 1975ರಿಂದ 1987ರವರೆಗೆ ನಿರ್ದೇಶಕರಾದರು. ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ಬಂದು, 2019ರಲ್ಲಿ ತೀರಿಕೊಳ್ಳುವ ಹಿಂದಿನ ಬಹಳ ವರ್ಷ ಪ್ರಜ್ಞೆ ಎಂದರೇನು ಎಂಬ ಪ್ರಶ್ನೆಯ ಬೆನ್ನುಹತ್ತಿದರು, ತತ್ತ್ವಶಾಸ್ತ್ರದವರೊಡನೆ ಕೂತು ಪುಸ್ತಕಗಳನ್ನು ಸಂಪಾದಿಸಿದರು. ಭೌತವಿಜ್ಞಾನಿಗಳಿಗೆ ಮುಪ್ಪಿನಲ್ಲಿ ಹತ್ತುವ ಚಟ ಅದು ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲ ಗದ್ದಲವನ್ನೂ ಕಳೆದು ನೋಡುವುದನ್ನು ಇಪ್ಪತ್ತೈದರ ವಯಸ್ಸಿನಲ್ಲಿ ಕಲಿತವರು, ಕಳೆಯುತ್ತಿರುವವನು ಯಾರು ಎಂದು ಒಂದು ದಿನ ಕೇಳಿಕೊಳ್ಳದೆ ಇರಲಾರರು ಎಂದು ನನ್ನ ಊಹೆ.

ಈಗ ನಮ್ಮಿಬ್ಬರ ನಡುವೆ ನಡೆಯುತ್ತಿರುವ ಜಗಳ ಆಯಾಳ ಜಪಮಾಲೆಯದು. ಐ.ಐ.ಎಸ್‌ಸಿ.ಯ ಎಸ್.ಪಿ. ಅರುಣ್ ಅವರ ಪ್ರಯೋಗಾಲಯದ ಒಂದು ಅಧ್ಯಯನ ಹುಡುಗಿಯ ತಲೆಯಲ್ಲಿ ಕೂತಿದೆ. 2019ರಲ್ಲಿ ಪ್ರಕಟವಾದದ್ದು. ತೆಲುಗು ಓದಬಲ್ಲ, ಮಲಯಾಳ ಬಾರದ ಒಂದು ಗುಂಪು. ಮಲಯಾಳ ಬಲ್ಲ, ತೆಲುಗು ಬಾರದ ಇನ್ನೊಂದು. ಇಬ್ಬರಿಗೂ ಎರಡೂ ಲಿಪಿಯ ಅಕ್ಷರ ತೋರಿಸಿದರು. ಒಂದು ಗುಂಪಿಗೆ ಅಕ್ಷರವಾದದ್ದು ಇನ್ನೊಂದಕ್ಕೆ ಬರಿಯ ಗೆರೆ. ಹೀಗೆ ಒಬ್ಬರು ಇನ್ನೊಬ್ಬರಿಗೆ ಅಳತೆಗೋಲಾದರು, ಹೊರಗಿನಿಂದ ಸಾಂತಾಕ್ಲಾಸನನ್ನು ಕರೆತರುವ ಅಗತ್ಯ ಬೀಳಲಿಲ್ಲ. ಇದೇ ರೀತಿ ಮಾಡೋಣ ಸಾರ್, ಅನ್ನುತ್ತಾಳೆ. ತಮಿಳು ಬಲ್ಲ, ಜಪಮಾಲೆ ಹೇಳುವ ಹೆಂಗಸರು ಒಂದು ಕಡೆ. ತಮಿಳು ಬಲ್ಲ, ಅದನ್ನು ನಂಬದ ಹೆಂಗಸರು ಇನ್ನೊಂದು ಕಡೆ. ಎರಡೂ ಕಡೆಯವರು ಅದೇ ಮಾತು ಮನಸ್ಸಿನಲ್ಲಿ ಹೇಳಲಿ, ಆಮೇಲೆ ಮಗ್ಗಿ ಹೇಳಲಿ. ವ್ಯತ್ಯಾಸಗಳ ವ್ಯತ್ಯಾಸ ತೆಗೆದರೆ ನಂಬಿಕೆ ಒಂದೇ ಉಳಿಯುತ್ತದೆ.

ನಾನು ಒಪ್ಪಲಿಲ್ಲ. ಆಯಾ ಆ ಮಾತನ್ನು ಮದುವೆಯಾದಂದಿನಿಂದ ದಿನಾ ಹೇಳಿದ್ದಾಳೆ. ನಂಬದವಳು ಅಂದು ಬೆಳಿಗ್ಗೆ ಕಲಿತಿರುತ್ತಾಳೆ. ಉಳಿಯುವುದು ನಂಬಿಕೆಯೋ, ರೂಢಿಯೋ? ರೂಢಿಯನ್ನೂ ಕಳೆಯಬೇಕೆಂದರೆ ಐವತ್ತು ವರ್ಷ ಜಪಮಾಲೆ ಹೇಳಿ, ಆಮೇಲೆ ನಂಬಿಕೆ ಬಿಟ್ಟವರು ಬೇಕು. ಅಂಥವರನ್ನು ಎಲ್ಲಿಂದ ತರುತ್ತೀ?

ಅವಳು ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲೇ ಇದ್ದಾರೆ ಸಾರ್,” ಎಂದಳು. “2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಚರ್ಚಿಗೂ ಹೋಗದೆ, ಗುಡಿಗೂ ಹೋಗದೆ ಇರೋರು ನಮ್ಮ ಲೈನಲ್ಲೇ ಇದ್ದಾರೆ. ನಮ್ಮ ಆಯಾ ತಂಗಿ, ಚಿನ್ನ ಆಯಾನೇ ಒಬ್ಬಳು. ಮಾಲೆ ಇನ್ನೂ ಗೂಡಲ್ಲಿದೆ, ಮುಟ್ಟಲ್ಲ. ಮಾತೆಲ್ಲ ಬಾಯಿಗೆ ಬರುತ್ತೆ.”

ಆ ಹೆಂಗಸನ್ನು ಯಂತ್ರದೊಳಗೆ ಮಲಗಿಸಿ, ಬಿಟ್ಟ ಪ್ರಾರ್ಥನೆಯನ್ನು ಮತ್ತೆ ಹೇಳು ಅನ್ನಲು ನಮಗೇನು ಹಕ್ಕು ಎಂದು ಕೇಳಿದೆ.

“ಅದನ್ನ ಮೊದಲು ಎಥಿಕ್ಸ್ ಕಮಿಟಿ ಕೇಳುತ್ತೆ ಸಾರ್. ಆಮೇಲೆ ಚಿನ್ನ ಆಯಾ ಕೇಳ್ತಾಳೆ,” ಎಂದಳು. “ಕಮಿಟಿನ ಒಪ್ಪಿಸಬಹುದು.”